ನೆಲವೇ ಡೊಂಕು, ಸ್ವಾಮೀ!

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯನ್ನು ಕಟ್ಟಿದವರು ಬೆಂಗಳೂರಿನಲ್ಲಿ ಓಡಿದವರಾಗಿರಲಾರರು. ಈ ಊರಿನ ನೆಲ ನಿಜಕ್ಕೂ ಡೊಂಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕುಳಿತಿರುವ ನಗರವಿದು. ಇಲ್ಲಿ ಬಿದ್ದ ಮಳೆನೀರಿನಲ್ಲಿ ಒಂದು ಪಾಲು ವೃಷಭಾವತಿಯ ಕಣಿವೆ ಹಿಡಿದು ಅರ್ಕಾವತಿಯ ಕಡೆಗೆ ಹೋದರೆ, ಉಳಿದದ್ದು ಹೆಬ್ಬಾಳ ಮತ್ತು ಕೋರಮಂಗಲದ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಯತ್ತ ಹರಿಯುತ್ತದೆ. ನೀರಿಗೆ ಇಳಿದು ಹೋದರಾಯಿತು, ಮತ್ತೆ ಹತ್ತುವ ಹಂಗಿಲ್ಲ. ಓಡುವವನು ಮಾತ್ರ ಇಳಿದಷ್ಟನ್ನೂ ಹತ್ತಲೇಬೇಕು, ಏಕೆಂದರೆ ಅವನ ಸ್ಕೂಟರ್ ಓಟ ಆರಂಭವಾದ ಜಾಗದಲ್ಲೇ ನಿಂತಿರುತ್ತದೆ.

ನಮ್ಮ ಗುಂಪಿನವರು ಈ ಭೂಗೋಳವನ್ನು ಕಲಿತದ್ದು ಶಾಲೆಯಲ್ಲಲ್ಲ. ಹಾಫ್ ಮ್ಯಾರಥಾನ್ ಮುಗಿಸಿ, ಬಸವನಗುಡಿಯ ದರ್ಶಿನಿಯೊಂದರ ಮುಂದೆ ಸ್ಟೀಲ್ ಮೇಜಿನ ಸುತ್ತ ನಿಂತು, ಇಡ್ಲಿ-ವಡೆಯ ಮೇಲೆ ಸಾಂಬಾರ್ ಹಾಕಿಸಿಕೊಳ್ಳುತ್ತ, ಒಬ್ಬರಿಂದೊಬ್ಬರು ಕಲಿತದ್ದು. ಓಟದ ದಿನ ಅಲ್ಲಿ ನಡೆಯುವ ಸಭೆಗೆ ಒಂದು ಕ್ರಮವಿದೆ. ಎಲ್ಲರೂ ಕಾಫಿಯ ಲೋಟ ಹಿಡಿದು ನೆಲೆನಿಂತ ಮೇಲೆ ಯಾರಾದರೊಬ್ಬರು 'ಎಷ್ಟಾಯ್ತು?' ಎಂದು ಕೇಳುತ್ತಾರೆ. ಇದಕ್ಕೆ ಬರಿಯ ಗಂಟೆ-ನಿಮಿಷಗಳಲ್ಲಿ ಉತ್ತರ ಕೊಟ್ಟವರನ್ನು ನಾನು ಕಂಡಿರಲಿಲ್ಲ. 'ಎರಡು ಗಂಟೆ ಇಪ್ಪತ್ತು ನಿಮಿಷ, ಆದರೆ...' ಎಂದು ಆರಂಭವಾದ ವಾಕ್ಯ ಪೂರ್ಣವಿರಾಮ ಕಾಣುವ ಹೊತ್ತಿಗೆ ಕಾಫಿ ಆರಿ ಹೋಗಿರುತ್ತದೆ. ಹವ್ಯಾಸಿ ಓಟಗಾರನಿಗೆ ನಿಜವಾದ ತಾಲೀಮು ಬೇಕಾಗುವುದು ಆ ವಾಕ್ಯದ ಉತ್ತರಾರ್ಧಕ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣಗಳಲ್ಲಿ ಅಗ್ರತಾಂಬೂಲ ಕೈಗಡಿಯಾರಕ್ಕೆ. ಹಾಫ್ ಮ್ಯಾರಥಾನಿನ ದೂರ 21.0975 ಕಿಲೋಮೀಟರ್. ನಮ್ಮಲ್ಲಿ ಯಾರ ಗಡಿಯಾರವೂ ಇಂದಿನವರೆಗೆ ಅಷ್ಟನ್ನೇ ತೋರಿಸಿಲ್ಲ, ಒಬ್ಬರದು 21.4 ಎಂದರೆ ಇನ್ನೊಬ್ಬರದು 21.6 ಎನ್ನುತ್ತದೆ. ಗುಂಪಿನ ಹಿರಿಯರಾದ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಈ ವ್ಯತ್ಯಾಸವನ್ನು ತಾಳೆಯಾಗದ ಲೆಡ್ಜರಿನಂತೆ ಕಂಡು, ಕೈ ಒರೆಸಲು ಇಟ್ಟಿರುವ ಕಾಗದದ ತುಂಡಿನ ಮೇಲೆ ಹೆಚ್ಚುವರಿ ಮೀಟರುಗಳಿಗೆ ತಗುಲಿದ ನಿಮಿಷಗಳನ್ನು ಕಳೆದು, ಪ್ರತಿಯೊಬ್ಬರಿಗೂ ಅವರವರ 'ಅಸಲು' ಸಮಯವನ್ನು ಬರೆದುಕೊಡುತ್ತಾರೆ. ಪ್ರಮಾಣಿತ ಓಟದ ದಾರಿಯನ್ನು ಹೇಗೆ ಅಳೆಯುತ್ತಾರೆಂದು ಒಮ್ಮೆ ನಾನು ಅವರಿಗೆ ವಿವರಿಸಲು ಹೋದೆ. ಸೈಕಲ್ಲಿನ ಮುಂಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಎಣಿಕೆಯ ಸಾಧನವನ್ನು ಕೂರಿಸಿ, ತಿರುವುಗಳಲ್ಲೆಲ್ಲ ಅತಿ ಹತ್ತಿರದ ಗೆರೆಯನ್ನೇ ಹಿಡಿದು ಅಳೆಯುತ್ತಾರೆ. ದಾರಿ ಎಳ್ಳಷ್ಟೂ ಕಡಿಮೆ ಬೀಳಬಾರದೆಂದು ಕಿಲೋಮೀಟರಿಗೆ ಒಂದು ಮೀಟರನ್ನು ತಾವಾಗಿಯೇ ಸೇರಿಸುತ್ತಾರೆ. ನಾವೋ ನೀರಿನ ಮೇಜು ಎಡಕ್ಕೆ ಕಂಡರೆ ಎಡಕ್ಕೆ, ಫೋಟೋ ತೆಗೆಯುವವನು ಬಲಕ್ಕೆ ಕಂಡರೆ ಬಲಕ್ಕೆ ಹೊರಳುವ ಜನ. ಸಾಲದ್ದಕ್ಕೆ ಕಬ್ಬನ್ ಪಾರ್ಕಿನ ದಟ್ಟ ಮರಗಳ ಕೆಳಗೆ ಉಪಗ್ರಹದ ಸಂಕೇತ ತಪ್ಪಿ, ಗಡಿಯಾರ ನಮ್ಮನ್ನು ಹೈಕೋರ್ಟಿನ ಒಳಗೂ ಒಂದು ಸುತ್ತು ಓಡಿಸಿಬಿಟ್ಟಿರುತ್ತದೆ. ಇಷ್ಟನ್ನೂ ಸಮಾಧಾನದಿಂದ ಕೇಳಿಸಿಕೊಂಡ ಮ್ಯಾನೇಜರರು, 'ಹಾಗಾದರೆ ಕಿಲೋಮೀಟರಿಗೆ ಒಂದು ಮೀಟರ್ ಅವರೇ ಜಾಸ್ತಿ ಹಾಕ್ತಾರೆ ಅಂದ ಹಾಗಾಯ್ತು' ಎಂದು ಕಾಗದದಲ್ಲಿ ಇನ್ನೂ 21 ಮೀಟರುಗಳನ್ನು ಕಳೆದರು.

ಎರಡನೆಯ ಕಾರಣ ಜನಜಂಗುಳಿ. 2008ರಿಂದ ನಡೆದುಬಂದಿರುವ ನಮ್ಮೂರಿನ ವರ್ಲ್ಡ್ 10ಕೆ ಓಟದಲ್ಲಿ ಆಫ್ರಿಕದಿಂದ ಬಂದ ಮುಂಚೂಣಿಯ ಗಂಡಸರು 28 ನಿಮಿಷ ತುಂಬುವ ಮೊದಲೇ ಹತ್ತು ಕಿಲೋಮೀಟರ್ ಮುಗಿಸಿದ್ದುಂಟು. ಅಷ್ಟು ಹೊತ್ತಿನಲ್ಲಿ ನಮ್ಮಂಥವರಿಗೆ ಸಾಧ್ಯವಾಗುವುದು ತಾತ್ಕಾಲಿಕ ಶೌಚಾಲಯದ ಸಾಲಿನಲ್ಲಿ ಮುಂದಿನಿಂದ ಮೂರನೆಯವರಾಗುವುದು. ಆರಂಭದ ಗೆರೆಯನ್ನು ತಲುಪುವುದಕ್ಕೇ ತೆವಳಬೇಕಾದರೂ, ಎದೆಯ ಮೇಲಿನ ನಂಬರಿನ ಚೀಟಿಗೆ, ಅಂದರೆ ಬಿಬ್ಬಿಗೆ, ಅಂಟಿಸಿದ ಚಿಪ್ ನಾವು ಗೆರೆ ದಾಟಿದ ಮೇಲಷ್ಟೇ ಸಮಯ ಎಣಿಸತೊಡಗುವುದರಿಂದ, ಆ ತೆವಳಾಟವನ್ನು ಕಾರಣವಾಗಿ ಬಳಸಲು ಬರುವುದಿಲ್ಲ. ಪುಣ್ಯಕ್ಕೆ ಗೆರೆಯ ಆಚೆಗೆ ಇಡೀ ಸಂಸಾರವೊಂದು ಕೈ ಕೈ ಹಿಡಿದು ರಸ್ತೆಯ ಉದ್ದಗಲಕ್ಕೂ ಹರಡಿಕೊಂಡು, ನಡುವೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿರುತ್ತದೆ. ಅವರನ್ನು ಮನಸ್ಸಿನಲ್ಲೇ ಬೈದುಕೊಳ್ಳುವ ನಾನು ದರ್ಶಿನಿಯಲ್ಲಿ ಮಾತ್ರ ಅವರನ್ನು ಕೃತಜ್ಞತೆಯಿಂದ ನೆನೆಯುತ್ತೇನೆ.

ಆಹಾರದ ವಿಷಯವನ್ನು ನನ್ನ ತಾಯಿಯೆದುರು ಎತ್ತದಿರುವುದೇ ಕ್ಷೇಮ. ದೂರದ ಓಟಕ್ಕೆ ಒಂದೆರಡು ದಿನ ಮೊದಲು ಅನ್ನ, ಚಪಾತಿ, ಆಲೂಗಡ್ಡೆಗಳನ್ನು ಹೆಚ್ಚಾಗಿ ತಿಂದರೆ ಪಿಷ್ಟವು ಗ್ಲೈಕೋಜನ್ ಎಂಬ ಶಕ್ತಿಯ ದಾಸ್ತಾನಾಗಿ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಸೇರಿಕೊಳ್ಳುತ್ತದೆ. ಒಂದು ಗ್ರಾಂ ಗ್ಲೈಕೋಜನ್ನಿನ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಬಂದು ಕೂರುತ್ತದೆ. ಹೀಗಾಗಿ ಓಟದ ಹಿಂದಿನ ದಿನ ತೂಕದ ಯಂತ್ರ ಏರುಮುಖವಾಗಿರುವುದು ಸಹಜ. ಇದನ್ನು ನಾನು ಶಾಸ್ತ್ರೋಕ್ತವಾಗಿ ವಿವರಿಸಿದಾಗ ಅಮ್ಮ ನನ್ನ ತಟ್ಟೆಗೆ ಮೂರನೆಯ ಸಲ ಅನ್ನ ಬಡಿಸುತ್ತ, 'ಹಾಗಾದ್ರೆ ನಿಮ್ಮಪ್ಪ ಜೀವಮಾನವಿಡೀ ಮ್ಯಾರಥಾನಿಗೆ ತಯಾರಿ ನಡೆಸ್ತಾನೇ ಇದ್ದಾರಲ್ಲೋ' ಎಂದರು. ಪತ್ರಿಕೆಯ ಹಿಂದೆ ಕುಳಿತಿದ್ದ ಅಪ್ಪ ಪುಟ ತಿರುಗಿಸಿದ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು.

ಅಭ್ಯಾಸದ ದಿನಗಳಲ್ಲಿ ಕಾರಣಗಳಿಗೆ ಬರವಿಲ್ಲ. ಗಾಂಧಿ ಬಜಾರಿನಿಂದ ಲಾಲ್‌ಬಾಗಿನ ಪಶ್ಚಿಮ ದ್ವಾರದವರೆಗಿನ ಪಾದಚಾರಿ ಮಾರ್ಗದಲ್ಲಿ ಒಂದು ಚಪ್ಪಡಿ ಎದ್ದು ನಿಂತಿದ್ದರೆ ಮುಂದಿನದು ಮೋರಿಯೊಳಗೆ ಇಣುಕುತ್ತಿರುತ್ತದೆ. ಕತ್ತಲಿರುವಾಗಲೇ ಹೊರಟರೆ ಬೀದಿನಾಯಿಗಳ ಸರಹದ್ದುಗಳನ್ನು ದಾಟಬೇಕಾಗುತ್ತದೆ; ನನ್ನ ಫೋನಿನಲ್ಲಿ ದಾಖಲಾಗಿರುವ ಅತಿ ವೇಗದ ನಾನೂರು ಮೀಟರಿನ ಶ್ರೇಯಸ್ಸು ಕಂದು ಬಣ್ಣದ ನಾಯಿಯೊಂದಕ್ಕೆ ಸಲ್ಲಬೇಕು. ಲಾಲ್‌ಬಾಗಿನೊಳಗೆ ಹೊಕ್ಕ ಮೇಲೆ, ಮುನ್ನೂರು ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಬಂಡೆಯನ್ನು ಹತ್ತಿಳಿದು ಅಭ್ಯಾಸ ಮಾಡಬಹುದು. ಅಷ್ಟು ವರ್ಷ ಅಲ್ಲಾಡದೆ ಮಲಗಿರುವ ಬಂಡೆಯ ಮೇಲೆ ನಿಂತು ಮುಂದಿನ ಬಾರಿ ಐದು ನಿಮಿಷ ಉಳಿಸುವ ಯೋಜನೆ ಹಾಕುವುದು ಕೊಂಚ ಸಂಕೋಚದ ಕೆಲಸ ಎಂದು ನನಗೆ ಅನ್ನಿಸುತ್ತದೆ.

ನೆಲ ಡೊಂಕೆಂಬ ದೂರಿಗೆ ಪರಿಹಾರವಾಗಿ ನಾವೆಲ್ಲ ಒಮ್ಮೆ ಶ್ರೀರಂಗಪಟ್ಟಣದ ಬಳಿ ಕಾಲುವೆಯ ದಂಡೆಯ ಮೇಲೆ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನಿಗೆ ಹೋದೆವು. ಮೆತ್ತನೆಯ ಮಣ್ಣಿನ ದಾರಿ, ಎರಡೂ ಕಡೆ ಗದ್ದೆ, ಏರಿಲ್ಲ, ಇಳುಕಲಿಲ್ಲ, ಸಿಗ್ನಲ್ಲಿಲ್ಲ. ಕಾರಣವೇ ಇಲ್ಲದ ಊರಿಗೆ ಬಂದೆವಲ್ಲ ಎಂದು ನನಗೆ ಆತಂಕವಾಗಿತ್ತು. ಓಟ ಮುಗಿದ ಮೇಲೆ ಮದ್ದೂರಿನಲ್ಲಿ ವಡೆ ತಿನ್ನುವಾಗ ಮ್ಯಾನೇಜರರು ಆ ಆತಂಕವನ್ನು ನಿವಾರಿಸಿದರು. ದಾರಿ ತೀರಾ ಸಪಾಟಾದರೆ ಮೊದಲಿನಿಂದ ಕೊನೆಯವರೆಗೆ ಅವೇ ಸ್ನಾಯುಗಳು ದುಡಿಯಬೇಕು, ಬೇರೆಯವಕ್ಕೆ ಸರದಿಯೇ ಬರುವುದಿಲ್ಲ, ನಮ್ಮ ಕಾಲುಗಳು ಏರಿಳಿತಕ್ಕೆ ಒಗ್ಗಿದ ಬೆಂಗಳೂರಿನ ಕಾಲುಗಳು ಎಂದರು. ಎಲ್ಲರೂ ತಲೆದೂಗಿದೆವು.

ಇವೆಲ್ಲಕ್ಕೂ ಮಿಗಿಲಾದ ಕಾರಣವೆಂದರೆ ಗಾಯ. ಗಾಯಗಳಲ್ಲಿಯೂ ದರ್ಜೆಗಳಿವೆ. ಹೆಬ್ಬೆರಳಿನ ಉಗುರು ಕಪ್ಪಾಗಿ ಉದುರುವುದು ತೀರಾ ಕೆಳಗಿನ ದರ್ಜೆ. ಶೂ ಬಿಚ್ಚಿ ತೋರಿಸಲು ಹೋದರೆ 'ತಿಂಡಿ ಹೊತ್ತಿನಲ್ಲಿ ಬೇಡ ಮಾರಾಯ್ರೇ' ಎನ್ನುತ್ತಾರೆ. ಮೊಣಕಾಲು ನೋವು ಮಧ್ಯಮ ದರ್ಜೆಯದು, ಓಡದವರಿಗೂ ಬರುತ್ತದೆಂಬ ಕೊರತೆ ಅದಕ್ಕಿದೆ. ನನಗೆ ಒಲಿದದ್ದು ಪ್ಲಾಂಟರ್ ಫೇಶಿಯೈಟಿಸ್. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಅಡಿಯಲ್ಲಿ ದಪ್ಪನೆಯ ಪಟ್ಟಿಯೊಂದು ಹಾಸಿಕೊಂಡಿರುತ್ತದೆ. ಅಳತೆ ಮೀರಿ ದುಡಿಸಿಕೊಂಡರೆ ಅದು ಹಿಮ್ಮಡಿಯ ಬಳಿ ನೋಯತೊಡಗುತ್ತದೆ, ಅದರಲ್ಲೂ ಬೆಳಗಿನ ಮೊದಲ ಹೆಜ್ಜೆಗಳಲ್ಲಿ. ರಾತ್ರಿಯೆಲ್ಲ ಬಿಗಿದುಕೊಂಡಿದ್ದ ಪಟ್ಟಿ ಎದ್ದು ನಿಂತ ಕ್ಷಣದಲ್ಲಿ ಏಕಾಏಕಿ ಎಳೆತಕ್ಕೆ ಸಿಕ್ಕುವುದೇ ಇದಕ್ಕೆ ಕಾರಣ. ಹಾಸಿಗೆಯಿಂದ ಬಚ್ಚಲುಮನೆಗೆ ನಾನು ಹೋಗುತ್ತಿದ್ದ ಪರಿ ಹೀಗಿತ್ತು: ಮೊದಲು ಮಂಚದ ಅಂಚು, ಅಲ್ಲಿಂದ ಬೀರುವಿನ ಹಿಡಿ, ಅದನ್ನು ಬಿಟ್ಟು ಒಂಟಿ ಕಾಲಿನಲ್ಲಿ ಒಂದು ಕುಪ್ಪಳಿಕೆ, ಆಮೇಲೆ ಬಾಗಿಲ ಚೌಕಟ್ಟು. ಅಲ್ಲಿಂದ ಮುಂದೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಪಟ್ಟಿ ಸಡಿಲಗೊಂಡು ನೋವು ಇಳಿದುಬಿಡುತ್ತಿತ್ತು. ನನ್ನ ನರಳಾಟ ಕೇಳಿ ಅಮ್ಮ ಅಡುಗೆಮನೆಯಿಂದ ಓಡಿಬರುವ ಹೊತ್ತಿಗೆ ನಾನು ನೆಟ್ಟಗೆ ನಡೆಯುತ್ತಿರುತ್ತಿದ್ದೆ. ಸಾಕ್ಷಿಯೇ ಉಳಿಯದ ಇಂಥ ನೋವನ್ನು ವೈರಿಗೂ ಕೊಡಬಾರದು.

ಎದುರು ಮನೆಯ ಅಜ್ಜಿಯ ಮದ್ದು ಸರಳವಾಗಿತ್ತು. ಇಟ್ಟಿಗೆಯನ್ನು ಕೆಂಡದಲ್ಲಿ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹರಡಿ, ಹಿಮ್ಮಡಿಯನ್ನು ಒತ್ತಿ ಹಿಡಿಯಬೇಕು. ಎಲೆಗಾಗಿ ಆಂಜನೇಯನ ಗುಡಿಯ ಮುಂದೆ ಹೂ ಮಾರುವಾಕೆಯ ಬಳಿ ಹೋದರೆ, 'ಹಾರ ಬೇಡ್ವಾ ಅಣ್ಣಾ, ಬರೀ ಎಲೆನಾ?' ಎಂದು ನನ್ನ ಭಕ್ತಿಯನ್ನೇ ಶಂಕಿಸಿದಳು. ಕೆಂಡಕ್ಕೆ ಬದಲಾಗಿ ಗ್ಯಾಸಿನ ಒಲೆಯಿತ್ತಾದರೂ ಇಟ್ಟಿಗೆ ಸಿಗಲಿಲ್ಲ. ಇಡೀ ಬಡಾವಣೆಯಲ್ಲಿ ಮೂರು ಕಟ್ಟಡಗಳು ಏಳುತ್ತಿದ್ದರೂ ಎಲ್ಲೆಡೆಯೂ ಸಿಮೆಂಟಿನ ಸಾಲಿಡ್ ಬ್ಲಾಕೇ. ವಾಚ್‌ಮನ್ ಅದನ್ನೇ ಒಂದು ಹೊತ್ತು ತಂದು ಬಾಗಿಲಲ್ಲಿಟ್ಟು ಹೋದ. ನಮ್ಮ ಒಲೆಯ ಮೇಲೆ ಅದನ್ನು ಏರಿಸಲು ಅಮ್ಮ ಒಪ್ಪಲಿಲ್ಲ. ಅದೀಗ ಬಾಲ್ಕನಿಯಲ್ಲಿ ತುಳಸಿಯ ಕುಂಡವನ್ನು ಹೊತ್ತಿದೆ.

ಕೊನೆಗೆ ಫಿಸಿಯೋಥೆರಪಿ ಮಾಡುವ ಹುಡುಗಿಯ ಬಳಿ ಹೋದೆ. ಎಕ್ಸ್‌ರೇಯಲ್ಲಿ ಹಿಮ್ಮಡಿಯಿಂದ ಮುಳ್ಳಿನಂಥದೊಂದು ಮೂಳೆ ಚಾಚಿಕೊಂಡದ್ದು ಕಂಡು ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು, ಫಿಲ್ಮನ್ನು ದರ್ಶಿನಿಗೂ ಒಯ್ದು ಬೆಳಕಿಗೆ ಹಿಡಿದು ತೋರಿಸಿದ್ದೆ. ಆಕೆ ಅದನ್ನು ನೋಡಿ, 'ನೋವೇ ಇಲ್ಲದ ಎಷ್ಟೋ ಜನರಿಗೂ ಇದು ಇರುತ್ತೆ ಅಂಕಲ್' ಎಂದು ಒಂದೇ ಏಟಿಗೆ ಅದರ ಬೆಲೆ ಇಳಿಸಿಬಿಟ್ಟಳು. ಆಕೆ ಹೇಳಿಕೊಟ್ಟ ವ್ಯಾಯಾಮ ಹೀಗಿದೆ: ಸುತ್ತಿದ ಟವೆಲ್ಲನ್ನು ಕಾಲ್ಬೆರಳುಗಳ ಕೆಳಗಿಟ್ಟು, ಮೆಟ್ಟಿಲಿನ ಅಂಚಿನಲ್ಲಿ ಒಂದೇ ಕಾಲಿನ ಮೇಲೆ ನಿಂತು, ಮೂರು ಸೆಕೆಂಡಿನಲ್ಲಿ ಹಿಮ್ಮಡಿಯನ್ನು ಎತ್ತಿ, ಎರಡು ಸೆಕೆಂಡ್ ತಡೆದು, ಮೂರು ಸೆಕೆಂಡಿನಲ್ಲಿ ಇಳಿಸಬೇಕು, ದಿನ ಬಿಟ್ಟು ದಿನ, ತಿಂಗಳುಗಟ್ಟಲೆ. ಅಪಾರ್ಟ್‌ಮೆಂಟಿನ ಮೆಟ್ಟಿಲಿನಲ್ಲಿ ಗೋಡೆಗೆ ಮುಖ ಮಾಡಿ, ಏರುತ್ತ ಇಳಿಯುತ್ತ, ತುಟಿಯಲ್ಲೇ ಎಣಿಸುವ ನಡುವಯಸ್ಸಿನವನನ್ನು ಕಂಡರೆ ಜನ ಏನೆಂದುಕೊಳ್ಳಬೇಕು? ಮೇಲಿನ ಮನೆಯವರು ಅನುಕಂಪದಿಂದ ನಿಂತು, 'ಕೀ ಮರೆತು ಬಂದ್ರಾ ಸಾರ್? ನಮ್ಮ ಮನೇಲಿ ಕೂತಿರಿ ಬನ್ನಿ' ಎಂದರು. ಹೌದೆನ್ನುವುದೇ ಸುಲಭವಾಗಿತ್ತು, ಅಂದು ಅವರ ಮನೆಯಲ್ಲಿ ಒಳ್ಳೆಯ ಕಾಫಿಯೂ ಸಿಕ್ಕಿತು.

ನೋವು ಬರಬರುತ್ತಾ ಇಳಿಯಿತು. ಆದರೆ ಅದನ್ನು ಗುಂಪಿನಲ್ಲಿ ಘೋಷಿಸುವ ಆತುರ ನನಗಿರಲಿಲ್ಲ. ಹಿಮ್ಮಡಿಯ ಹೆಸರು ಹೇಳಿದರೆ ಎರಡೂಮುಕ್ಕಾಲು ಗಂಟೆಯ ಓಟಕ್ಕೂ 'ಅಷ್ಟರ ಮೇಲೂ ಮುಗಿಸಿದ್ರಲ್ಲ!' ಎಂಬ ಪ್ರಶಂಸೆ ದೊರೆಯುತ್ತಿತ್ತು. ಗುಣವಾದೆನೆಂದರೆ ಅದೇ ಎರಡೂಮುಕ್ಕಾಲು ಗಂಟೆ ಬರಿಯ ಎರಡೂಮುಕ್ಕಾಲು ಗಂಟೆಯಾಗಿ ಉಳಿಯುತ್ತದೆ.

ಈಚೆಗೆ ನಮ್ಮ ಗುಂಪಿಗೆ ಇಂಜಿನಿಯರಿಂಗ್ ಮುಗಿಸಿದ ಹುಡುಗನೊಬ್ಬ ಸೇರಿದ್ದಾನೆ. ಮೊನ್ನೆಯ ಓಟದ ನಂತರ ದರ್ಶಿನಿಯಲ್ಲಿ ಅವನ ಸರದಿ ಬಂತು. 'ಎಷ್ಟಾಯ್ತಪ್ಪ?' ಎಂದು ಕೇಳಿದರೆ, 'ಒಂದು ಗಂಟೆ ಮೂವತ್ತೆಂಟು ನಿಮಿಷ' ಎಂದು ಹೇಳಿ ಕೇಸರಿಬಾತಿಗೆ ಚಮಚ ಹಾಕಿದ. ನಾವು ಕಾದೆವು. ಅವನು ತಿನ್ನುತ್ತಲೇ ಇದ್ದ. ಮೇಜಿನ ಸುತ್ತ ಒಂದು ಬಗೆಯ ಇರುಸುಮುರುಸು ಹರಡಿತು; ವಾಕ್ಯದ ಉತ್ತರಾರ್ಧ ಎಲ್ಲಿ ಹೋಯಿತೆಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮ್ಯಾನೇಜರರೇ ಮುಂದಾಗಿ, 'ಬಿಸಿಲು ಜಾಸ್ತಿ ಇತ್ತು ಅಲ್ವಾ?' ಎಂದರು. 'ಇಲ್ಲ ಸಾರ್, ತಂಪಿತ್ತು.' 'ಮೊಣಕಾಲು, ಹಿಮ್ಮಡಿ, ಎಲ್ಲಾದರೂ ಸ್ವಲ್ಪ...?' 'ಏನೂ ಇಲ್ಲ ಸಾರ್.' ಮ್ಯಾನೇಜರರ ಕೈಯಲ್ಲಿ ಪೆನ್ನೂ ಕಾಗದವೂ ಹಾಗೇ ಉಳಿದವು. ಹುಡುಗ ನಮ್ಮ ಕಳೆಗುಂದಿದ ಮುಖಗಳನ್ನು ಒಂದೊಂದಾಗಿ ನೋಡಿ, ಪಾಪ, ತುಸು ಯೋಚಿಸಿ, 'ಹತ್ತನೇ ಕಿಲೋಮೀಟರಿನಲ್ಲಿ ಒಂದ್ಸಲ ಶೂ ಲೇಸ್ ಬಿಚ್ಕೊಂಡಿತ್ತು' ಎಂದ. 'ನೋಡಿ ಮತ್ತೆ!' ಎಂದರು ಮ್ಯಾನೇಜರರು. ಕೂಡಲೇ ಕಾಗದದ ಮೇಲೆ ಲೆಕ್ಕ ಆರಂಭವಾಯಿತು, ಯಾರೋ ಇನ್ನೊಂದು ಸುತ್ತು ವಡೆ ಹೇಳಿದರು.