ಗುಂಡಿಯೊಂದನ್ನು ಬಿಟ್ಟು ಎಲ್ಲವೂ ಇರುವ ಕಾರು

ನನ್ನ ಕಾರಿನ ಸ್ಟಿಯರಿಂಗ್ ಚಕ್ರದಲ್ಲಿ, ಎರಡೂ ಹೆಬ್ಬೆರಳು ತಾವಾಗಿಯೇ ಹೋಗಿ ಕೂರುವ ಜಾಗದಲ್ಲಿ, ಎರಡು ಕಪ್ಪು ಪ್ಲಾಸ್ಟಿಕ್ ಮುಚ್ಚಳಗಳಿವೆ. ನೋಡಿದರೆ ಗುಂಡಿಗಳಂತೆಯೇ ಕಾಣುತ್ತವೆ. ಒತ್ತಿದರೆ ಕೂದಲೆಳೆಯಷ್ಟು ಒಳಗೆ ಹೋಗಿ ಹಿಂದಕ್ಕೆ ಬರುತ್ತವೆ. ಆಗುವುದು ಅಷ್ಟೇ. ಹಾಡಿನ ಸದ್ದು ಏರುವುದಿಲ್ಲ, ಇಳಿಯುವುದಿಲ್ಲ, ಕಾರಿನ ವೇಗ ಒಂದೇ ಹದದಲ್ಲಿ ನಿಲ್ಲುವುದೂ ಇಲ್ಲ. ಗುಂಡಿ ಕೊಡುವ ಮನಸ್ಸಿಲ್ಲದಿದ್ದರೆ ಆ ಜಾಗವನ್ನು ಸಪಾಟಾಗಿ ಬಿಡಬಹುದಿತ್ತು. ಇಲ್ಲೊಂದು ಗುಂಡಿ ಇರಬೇಕಿತ್ತು, ನಿನಗೆ ಕೊಟ್ಟಿಲ್ಲ ಎಂದು ದಿನವೂ ಹಂಗಿಸುವುದಕ್ಕೆಂದೇ ಈ ಮುಚ್ಚಳ ಮಾಡಿದ್ದಾರೆ. ಇವೆರಡನ್ನು ಕಿತ್ತು ನಿಜವಾದ ಗುಂಡಿಗಳನ್ನು ಕೂರಿಸುತ್ತೇನೆಂದು ಹೊರಟು ಎಂಟು ತಿಂಗಳಾಯಿತು.

ಕಾರು ಜಪಾನಿನದು. ಅಲ್ಲಿನ ಮಾರುಕಟ್ಟೆಗೆಂದೇ ತಯಾರಾಗಿ, ಅಲ್ಲಿಯೇ ಕೆಲವು ವರ್ಷ ಓಡಿ, ಆಮೇಲೆ ಹಡಗು ಹತ್ತಿ ಬಂದದ್ದು. ಎಂಜಿನ್ ಬಗ್ಗೆ ಒಂದು ಮಾತು ಆಡುವಂತಿಲ್ಲ, ಬೆಳಗಿನ ಚಳಿಯಲ್ಲೂ ಮೊದಲ ಸಲಕ್ಕೇ ಹೊತ್ತಿಕೊಳ್ಳುತ್ತದೆ. ಆದರೆ ಅದನ್ನು ಮೊದಲು ಕೊಂಡ ಪುಣ್ಯಾತ್ಮ ಎಲ್ಲಕ್ಕಿಂತ ಕೆಳದರ್ಜೆಯ ಮಾದರಿಯನ್ನು ಆರಿಸಿಕೊಂಡಿದ್ದ. ಅವನ ಲೆಕ್ಕಾಚಾರದ ಫಲವನ್ನು ಸಮುದ್ರದ ಈಚೆ ಕುಳಿತು ನಾನು ಉಣ್ಣುತ್ತಿದ್ದೇನೆ.

ಕೈ ಚಾಚಿದರೆ ಸಿಗುವ ಸ್ಟೀರಿಯೋಗೆ ಇಷ್ಟೆಲ್ಲ ರಂಪವೇಕೆ ಎಂದು ಕೇಳುವವರು ಇದ್ದಾರೆ. ನಮ್ಮ ಮನೆಯಲ್ಲೇ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟು: ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗಿರುತ್ತದೆ. ಈಗಿನ ಎಷ್ಟೋ ಸ್ಟೀರಿಯೋಗಳಲ್ಲಿ ತಿರುಗಿಸುವ ಗುಬುಟೇ ಇಲ್ಲ, ಬರೀ ಗಾಜಿನ ಪರದೆ. ಅದರಲ್ಲಿ ಸದ್ದು ತಗ್ಗಿಸುವ ಚಿಹ್ನೆ ಎಲ್ಲಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ, ಕಣ್ಣೇ ಹುಡುಕಬೇಕು. ಎರಡು ಸೆಕೆಂಡ್ ಹುಡುಕಿದರೆ 44 ಮೀಟರ್ ದಾರಿಯನ್ನು ನೋಡದೆಯೇ ದಾಟಿದಂತಾಯಿತು. ಇನ್ನು ಗಂಟೆಗಟ್ಟಲೆ ನೇರ ಹೆದ್ದಾರಿಯಲ್ಲಿ ಆಕ್ಸಿಲರೇಟರ್ ಮೇಲೆ ಒಂದೇ ಕೋನದಲ್ಲಿ ಕಾಲಿಟ್ಟು ಕುಳಿತವರಿಗೆ ಮೀನಖಂಡದ ನೋವಿನ ಬಗ್ಗೆ ನಾನು ಹೇಳಬೇಕಾಗಿಲ್ಲ.

ನನ್ನ ಹೊಟ್ಟೆ ಉರಿಯುವುದು ಬೇರೆಯೇ ಕಾರಣಕ್ಕೆ. ಪೆಡಲಿನಿಂದ ಕಾಲು ತೆಗೆದರೂ ಕಾರು ತಾನಾಗಿ ಒಂದೇ ವೇಗದಲ್ಲಿ ಓಡುವ ವ್ಯವಸ್ಥೆಗೆ ಕ್ರೂಸ್ ಕಂಟ್ರೋಲ್ ಎನ್ನುತ್ತಾರೆ. ಹಳೆಯ ಕಾಲದ ಕಾರುಗಳಲ್ಲಿ ಅದಕ್ಕೆ ಥ್ರಾಟಲ್ಲಿನ, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಕವಾಟದ, ಕೇಬಲ್ ಎಳೆಯುವ ಪ್ರತ್ಯೇಕ ಯಂತ್ರವೊಂದು ಬೇಕಿತ್ತು. ಕೆಳದರ್ಜೆಯ ಮಾದರಿಯಲ್ಲಿ ಅದನ್ನು ಕೊಡದಿದ್ದರೆ ಆಕ್ಷೇಪಿಸುವಂತಿರಲಿಲ್ಲ. ಈಗ ಆಕ್ಸಿಲರೇಟರ್ ಪೆಡಲಿಗೂ ಎಂಜಿನ್ನಿಗೂ ನಡುವೆ ಕೇಬಲ್ಲೇ ಇಲ್ಲ. ಪೆಡಲ್ ಎಷ್ಟು ಒತ್ತಿದೆ ಎಂದು ಸೆನ್ಸರ್ ಹೇಳುತ್ತದೆ, ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಮೋಟಾರಿನ ಮೂಲಕ ಥ್ರಾಟಲ್ ತೆರೆಯುತ್ತದೆ. ವೇಗವೂ ಅದಕ್ಕೆ ಗೊತ್ತು, ಗೇರೂ ಗೊತ್ತು. ಒಂದೇ ವೇಗ ಕಾಯ್ದುಕೊಳ್ಳುವುದಕ್ಕೆ ಬೇಕಾದದ್ದು ಬರೀ ಪ್ರೋಗ್ರಾಂ, ಮತ್ತು ಆ ಪ್ರೋಗ್ರಾಂ ನನ್ನ ಕಾರಿನ ಇಸಿಯುವಿನಲ್ಲಿ ಮೊದಲ ದಿನದಿಂದಲೇ ಇದೆ. ಮೀಟರ್ ಬೋರ್ಡಿನಲ್ಲಿ ಕ್ರೂಸ್ ದೀಪವೂ ಇದೆ, ಹೊತ್ತಿಸುವವರಿಲ್ಲದೆ ಕತ್ತಲಲ್ಲಿ ಕುಳಿತಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಅದೇ. ಎಂಜಿನ್ ಸಿದ್ಧ, ಕಂಪ್ಯೂಟರ್ ಸಿದ್ಧ, ದೀಪ ಸಿದ್ಧ, ತಡೆದು ನಿಲ್ಲಿಸಿರುವುದು ಒಂದು ತುಂಡು ಪ್ಲಾಸ್ಟಿಕ್.

ಕ್ರೂಸ್ ಕಂಟ್ರೋಲ್ ಕಂಡುಹಿಡಿದ ರಾಲ್ಫ್ ಟೀಟರ್ ಐದನೆಯ ವಯಸ್ಸಿಗೇ ದೃಷ್ಟಿ ಕಳೆದುಕೊಂಡವರು. ಅವರಿಗೆ ಪೇಟೆಂಟ್ ಸಿಕ್ಕಿದ್ದು 1950ರಲ್ಲಿ, 1958ರ ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ ಅದು ಮಾರಾಟಕ್ಕೇ ಬಂದಿತ್ತು. ಕಣ್ಣು ಕಾಣದ ಎಂಜಿನಿಯರ್ ಒಬ್ಬರು ಅಷ್ಟು ಹಿಂದೆಯೇ ಬಗೆಹರಿಸಿಟ್ಟ ವಿಷಯಕ್ಕೆ ನಾನು ಇವತ್ತು ಕೌಂಟರಿನಿಂದ ಕೌಂಟರಿಗೆ ಅಲೆಯುತ್ತಿದ್ದೇನೆ.

ಕೌಂಟರ್ ಎಂದೆನಲ್ಲ, ಅಲ್ಲಿನ ಕಥೆ ಕೇಳಿ. ಬಿಡಿಭಾಗ ಬೇಕು ಎಂದ ಕೂಡಲೇ ಕಾರು ಕಂಪನಿಯ ಮಳಿಗೆಯ ಹುಡುಗ ಕೇಳಿದ್ದು 17 ಅಕ್ಷರಗಳ ಚಾಸಿ ಸಂಖ್ಯೆ. ಜಪಾನಿನ ಒಳಮಾರುಕಟ್ಟೆಯ ಕಾರುಗಳಿಗೆ ಹದಿನೇಳು ಅಕ್ಷರದ ಸಂಖ್ಯೆ ಇರುವುದಿಲ್ಲ. ಮಾದರಿಯ ಸಂಕೇತ, ನಡುವೆ ಒಂದು ಅಡ್ಡಗೆರೆ, ಆಮೇಲೆ ಕ್ರಮಸಂಖ್ಯೆ, ಅಷ್ಟೇ. ನಾನು ಅದನ್ನು ಹೇಳಿದೆ, ಅವನು ಬರೆದ, ಕಂಪ್ಯೂಟರ್ ಒಪ್ಪಲಿಲ್ಲ. ಮುಂದೆ ಸೊನ್ನೆಗಳನ್ನು ಸೇರಿಸಿ ನೋಡಿದ, ಒಪ್ಪಲಿಲ್ಲ. ಕೊನೆಗೆ ತಲೆಯೆತ್ತಿ, "ಸರ್, ಈ ಕಾರು ನಮ್ಮ ಸಿಸ್ಟಂನಲ್ಲಿ ಇಲ್ಲ" ಎಂದ. ಕಾರು ಅವನ ಹಿಂದಿನ ಗಾಜಿನಾಚೆ, ಅವರದೇ ಅಂಗಳದಲ್ಲಿ, ಅವರದೇ ಲಾಂಛನ ಹೊತ್ತು ನಿಂತಿತ್ತು. ನಾನು ಬೆರಳು ಮಾಡಿ ತೋರಿಸಿದೆ. ಅವನು ತಿರುಗಿ ನೋಡಿ ಮತ್ತೆ ಅದನ್ನೇ ಹೇಳಿದ.

ಹೀಗಾಗಿ ಗುಜರಿಯೇ ಗತಿಯಾಯಿತು. ಮೊದಲ ಸಲ ಕೊಂಡ ಗುಂಡಿಗಳು ಇದೇ ಕಾರಿನ ರಫ್ತು ಮಾದರಿಯವು. ಹೊರಗಿನಿಂದ ಅವಳಿ ಜವಳಿ, ಹಿಂದೆ ತಿರುಗಿಸಿದರೆ ಕೊಕ್ಕೆಗಳ ಜಾಗವೇ ಬೇರೆ. ಎರಡನೆಯ ಜೊತೆ ಕೂತಿತು, ಕನೆಕ್ಟರ್ ಮಾತ್ರ ಕೂರಲಿಲ್ಲ. ಮೂರನೆಯದು ಸರಿಹೋಯಿತು. ಈ ನಡುವೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಸ್ಟಿಯರಿಂಗಿಗೆ ಬೆಲ್ಟಿನಂತೆ ಕಟ್ಟುವ ವೈರ್‌ಲೆಸ್ ರಿಮೋಟನ್ನೂ ತರಿಸಿದ್ದೆ. ತಿರುವಿನಲ್ಲಿ ಅದು ಅಂಗೈಗೆ ಸಿಕ್ಕಿ ತಾನಾಗಿ ಹಾಡು ಬದಲಿಸುತ್ತಿತ್ತು. ಬಿಸಿಲಿಗೆ ಅಂಟು ಕರಗಿ ಕಾಲ ಬುಡಕ್ಕೆ ಬಿದ್ದ ದಿನ ಅದನ್ನು ಕಿಟಕಿಯಿಂದ ಆಚೆ ಎಸೆಯದೆ ಮನೆಗೆ ತಂದು ಕಸದ ಬುಟ್ಟಿಗೆ ಹಾಕಿದೆ, ಅಷ್ಟು ಸಂಯಮ ಇನ್ನೂ ಉಳಿದಿತ್ತು.

ಸ್ಟೀರಿಯೋ ಅಂತೂ ಮೊದಲೇ ಬದಲಾಗಿತ್ತು. ಜಪಾನಿನ ಎಫ್‌ಎಂ 76 ಮೆಗಾಹರ್ಟ್ಸ್‌ನಿಂದ ಶುರುವಾಗುತ್ತದೆ, ಹಳೆಯ ರೇಡಿಯೋಗಳಲ್ಲಿ 90ಕ್ಕೇ ಮುಗಿಯುತ್ತದೆ. ಉಳಿದ ಬಹುತೇಕ ದೇಶಗಳ ಕೇಂದ್ರಗಳಿರುವುದು 87.5ರಿಂದ 108ರವರೆಗೆ. ಅಂದರೆ ಎರಡೂವರೆ ಮೆಗಾಹರ್ಟ್ಸ್‌ನ ಸೀಳಿನಲ್ಲಿ ಏನು ಸಿಕ್ಕೀತೋ ಅದೇ ಭಾಗ್ಯ. ಮೇಲಾಗಿ ಪರದೆಯ ತುಂಬ ಜಪಾನಿ ಲಿಪಿ, ಕಾರು ಹೊತ್ತಿಸಿದಾಗಲೆಲ್ಲ ಒಬ್ಬ ಹೆಂಗಸಿನ ದನಿ ಬಹಳ ವಿನಯದಿಂದ ನನಗರ್ಥವಾಗದ ಏನನ್ನೋ ಹೇಳುತ್ತಿತ್ತು. ಹೊಸ ಸ್ಟೀರಿಯೋದ ಹಿಂದೆ ಸ್ಟಿಯರಿಂಗ್ ಗುಂಡಿಗಳಿಗೆಂದೇ ಎರಡು ವೈರುಗಳಿವೆ. ಆ ಗುಂಡಿಗಳ ತಂತ್ರ ಸರಳ, ಅಷ್ಟೇ ಚಂದವೂ ಹೌದು: ಪ್ರತಿ ಗುಂಡಿಯ ಹಿಂದೆ ವಿದ್ಯುತ್ತಿಗೆ ಬೇರೆ ಬೇರೆ ಪ್ರಮಾಣದ ತಡೆ ಒಡ್ಡುವ ರೆಸಿಸ್ಟರ್, ಎಲ್ಲಕ್ಕೂ ಒಂದೇ ವೈರು. ಯಾವುದನ್ನು ಒತ್ತಿದರೆ ಎಷ್ಟು ಓಮ್ ತಡೆ ಎಂದು ನೋಡಿ ಸ್ಟೀರಿಯೋ ಗುರುತು ಹಿಡಿಯುತ್ತದೆ. ಕ್ರೂಸ್ ಗುಂಡಿಯೂ ಇಸಿಯುವಿನೊಂದಿಗೆ ಮಾತಾಡುವುದು ಇದೇ ಭಾಷೆಯಲ್ಲಿ. ಒಂದು ವೈರು, ಒಂದು ಅರ್ತ್, ನಾಲ್ಕು ರೆಸಿಸ್ಟರ್. ಮಕ್ಕಳ ವಿಜ್ಞಾನ ಮೇಳದಲ್ಲಿ ಇಡಬಹುದಾದ ವಸ್ತು. ಇದನ್ನು ಕೊಡುವುದಕ್ಕೆ ಇವರಿಗೆ ಕೈ ಬರಲಿಲ್ಲ.

ಆದರೆ ಆ ವೈರು ತಿರುಗುವ ಚಕ್ರದಿಂದ ತಿರುಗದ ಕಂಬಕ್ಕೆ ಇಳಿಯಬೇಕಲ್ಲ? ಅದಕ್ಕೆ ಚಕ್ರದ ಹಿಂದೆ ಒಂದು ಡಬ್ಬಿ ಇದೆ. ಸ್ಪೈರಲ್ ಕೇಬಲ್ ಎನ್ನಿ, ಕ್ಲಾಕ್ ಸ್ಪ್ರಿಂಗ್ ಎನ್ನಿ. ಒಳಗೆ ರಿಬ್ಬನ್ನಿನಂಥ ಚಪ್ಪಟೆ ಕೇಬಲ್ ಸುರುಳಿ ಸುತ್ತಿರುತ್ತದೆ, ಚಕ್ರ ತಿರುಗಿದಂತೆ ಬಿಚ್ಚುತ್ತದೆ, ಸುತ್ತಿಕೊಳ್ಳುತ್ತದೆ. ಹಾರ್ನೂ ಏರ್‌ಬ್ಯಾಗೂ ಬದುಕಿರುವುದು ಈ ಡಬ್ಬಿಯ ದಯೆಯಿಂದ. ನನ್ನ ಕಾರಿನ ಡಬ್ಬಿಯಲ್ಲಿ ಆ ಎರಡಕ್ಕೆ ಬೇಕಾದಷ್ಟೇ ಎಳೆಗಳು, ಗುಂಡಿಗಳಿಗೆ ಬೇಕಾದ ಪಿನ್ನುಗಳ ಜಾಗದಲ್ಲಿ ಬರೀ ತೂತು. ಎಂಥ ನಾಜೂಕಿನ ಜಿಪುಣತನ ನೋಡಿ! ಡಬ್ಬಿ ಅದೇ, ಅಚ್ಚು ಅದೇ, ಕನೆಕ್ಟರ್ ಅದೇ, ಒಳಗಿನ ನಾಲ್ಕೈದು ತಾಮ್ರದ ಎಳೆಗಳನ್ನು ಮಾತ್ರ ಕೂತು ಲೆಕ್ಕಹಾಕಿ ಉಳಿಸಿದ್ದಾರೆ.

ಎಲ್ಲ ಎಳೆಗಳಿರುವ ಡಬ್ಬಿ ತರಿಸಿ, ಅದನ್ನು ಹಾಕುವ ಕೆಲಸವನ್ನು ಮೆಕ್ಯಾನಿಕ್ ಒಬ್ಬನಿಗೆ ಒಪ್ಪಿಸಿದ್ದು ನಾನು ಮಾಡಿದ ದೊಡ್ಡ ತಪ್ಪು. ಡಬ್ಬಿ ಕೈಗೆ ಸಿಗಬೇಕಾದರೆ ಚಕ್ರದ ನಡುವಿನ ಏರ್‌ಬ್ಯಾಗ್ ಬಿಚ್ಚಬೇಕು, ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ಕೆಲವು ನಿಮಿಷ ಕಾಯಬೇಕು. ಅಪಘಾತದಲ್ಲಿ ಬ್ಯಾಟರಿ ಕಡಿದುಹೋದರೂ ಏರ್‌ಬ್ಯಾಗ್ ಉಬ್ಬಲಿ ಎಂದು ಅದರ ಘಟಕ ಕೆಪಾಸಿಟರಿನಲ್ಲಿ ಸ್ವಲ್ಪ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ, ಅದು ಇಳಿಯಲಿ ಎಂದು ಈ ಕಾಯುವಿಕೆ. ಇದು ಯಾವ ರಿಪೇರಿ ಕೈಪಿಡಿಯಲ್ಲೂ ದಪ್ಪಕ್ಷರದಲ್ಲಿ ಇರುತ್ತದೆ. ಆ ಮಹಾಶಯ ಬ್ಯಾಟರಿಯ ಕಡೆ ತಲೆಯನ್ನೂ ತಿರುಗಿಸದೆ ಏರ್‌ಬ್ಯಾಗಿನ ಹಳದಿ ಕನೆಕ್ಟರಿಗೆ ಸ್ಕ್ರೂಡ್ರೈವರ್ ಹಾಕಿದ. ನಾನು ಕೂಗಿಕೊಂಡೆ. "ಏನೂ ಆಗಲ್ಲ ಬಿಡಿ ಸರ್, ದಿನಾ ಮಾಡ್ತೀವಿ" ಎಂದ. ಏರ್‌ಬ್ಯಾಗ್ ಎಂದರೆ ಮೆತ್ತೆ ಎಂದುಕೊಂಡಿದ್ದನೋ ಏನೋ. ಒಳಗಿರುವುದು ಸಿಡಿಮದ್ದು, ಅದನ್ನು ಮುಖದ ಮುಂದೆ ಇಟ್ಟುಕೊಂಡು ಅವನು ಇಣುಕುತ್ತಿದ್ದ. ಬಿಚ್ಚಿದ ಮೇಲೆ ಅದನ್ನು ಮುಖ ಕೆಳಗಾಗಿ ಸೀಟಿನ ಮೇಲೆ ಎಸೆದ. ಹಾಗಿಟ್ಟಾಗ ಆಕಸ್ಮಾತ್ತಾಗಿ ಸಿಡಿದರೆ ಇಡೀ ಘಟಕವೇ ಮೇಲಕ್ಕೆ ಹಾರುತ್ತದೆ. ನಾನೇ ಎತ್ತಿ ಮುಖ ಮೇಲಾಗಿ ಇಟ್ಟೆ. ಬೆವರಿದ್ದು ನಾನೊಬ್ಬನೇ.

ಅದಕ್ಕಿಂತ ದೊಡ್ಡ ಉಪಕಾರ ಆಮೇಲೆ ತಿಳಿಯಿತು. ಹೊಸ ಡಬ್ಬಿಯನ್ನು ಹಾಕುವ ಮುನ್ನ ನಡುಮಧ್ಯಕ್ಕೆ ತರಬೇಕು: ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸುಮಾರು 5 ಸುತ್ತು ಎಂದಿಟ್ಟುಕೊಳ್ಳಿ, ಎರಡೂವರೆ ಸುತ್ತು ಹಿಂದಕ್ಕೆ ಬಂದು ಗುರುತಿಗೆ ಗುರುತು ಕೂರಿಸಬೇಕು. ಅವನು ಅದನ್ನು ಬುಗುರಿಯಂತೆ ತಿರುಗಿಸಿ, ಹೇಗೆ ನಿಂತಿತೋ ಹಾಗೆಯೇ ಹಾಕಿದ. ಆ ದಿನ ಎಲ್ಲವೂ ಚೆನ್ನಾಗಿತ್ತು. ಮರುದಿನ ಕಾರು ನಿಲ್ಲಿಸಲು ಸ್ಟಿಯರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿದೆ, ಒಳಗಿನಿಂದ ಟಕ್ ಎಂದು ಸಣ್ಣ ಸದ್ದು ಬಂತು. ಏರ್‌ಬ್ಯಾಗ್ ದೀಪ ಹೊತ್ತಿಕೊಂಡಿತು. ಹಾರ್ನ್ ಒತ್ತಿದೆ, ಸತ್ತಿತ್ತು. ಗುಂಡಿಗಳ ಮಾತು ಬಿಡಿ, ಇದ್ದದ್ದೂ ಹೋಯಿತು. ಫೋನ್ ಮಾಡಿದರೆ, "ನೀವು ಜೋರಾಗಿ ತಿರುಗಿಸಿದ್ದೀರಿ ಸರ್" ಎಂಬ ಉತ್ತರ. ಸ್ಟಿಯರಿಂಗನ್ನು ತಿರುಗಿಸಿದ್ದು ನನ್ನ ಅಪರಾಧವಂತೆ.

ಎರಡನೆಯ ಡಬ್ಬಿಯನ್ನು ನಾನೇ ಹಾಕಿದೆ. ಬ್ಯಾಟರಿ ತಂತಿ ತೆಗೆದು ಅರ್ಧ ಗಂಟೆ ಕಾದೆ, ಅಷ್ಟು ಬೇಕಿರಲಿಲ್ಲ, ಭಯಕ್ಕೆ ಕಾದೆ. ಮುಂಚಕ್ರಗಳನ್ನು ನೇರ ಮಾಡಿ, ಸುತ್ತು ಎಣಿಸಿ, ಗುರುತು ಕೂಡಿಸಿ ಬಿಗಿದೆ. ಸ್ಟೀರಿಯೋಗೆ ಒಂದೊಂದೇ ಗುಂಡಿ ಒತ್ತಿ ಕಲಿಸಿದೆ. ಮೊದಲು ಸದ್ದು ಏರಿಸಿದರೆ ಹಾಡು ಮುಂದಕ್ಕೆ ಹಾರುತ್ತಿತ್ತು. ಗುಜರಿಯ ಗುಂಡಿಗಳ ಸಂಪರ್ಕದಲ್ಲಿ ಕಿಲುಬು ಕೂತು ಓಮ್ ಲೆಕ್ಕ ತಪ್ಪಿತ್ತು. ಬಿಚ್ಚಿ ಒರೆಸಿದ ಮೇಲೆ ಸರಿಯಾಯಿತು. ಹೆಬ್ಬೆರಳಲ್ಲಿ ಸದ್ದು ತಗ್ಗಿಸಿದ ಆ ಮೊದಲ ಕ್ಷಣದಲ್ಲಿ ನಾನು ಒಬ್ಬನೇ ನಕ್ಕಿದ್ದನ್ನು ಒಪ್ಪಿಕೊಳ್ಳುತ್ತೇನೆ.

ಆಮೇಲೆ ಕ್ರೂಸ್ ಗುಂಡಿ ಒತ್ತಿದೆ. ಇಷ್ಟು ವರ್ಷ ಕತ್ತಲಲ್ಲಿದ್ದ ದೀಪ ಹಸಿರಾಗಿ ಹೊತ್ತಿತು. ಹೆದ್ದಾರಿಗೆ ಹೋಗಿ 80ಕ್ಕೆ ತಂದು ಸೆಟ್ ಒತ್ತಿ ಕಾಲು ತೆಗೆದೆ. 78, 75, 70. ಮತ್ತೆ ಒತ್ತಿದೆ. 65. ಹಿಂದಿನ ಲಾರಿಯವನು ಹಾರ್ನ್ ಬಾರಿಸಿ ತನ್ನ ಅಭಿಪ್ರಾಯ ತಿಳಿಸಿದ.

ಒಂದು ವಾರ ಮಲ್ಟಿಮೀಟರ್ ಹಿಡಿದು ಸೀಟಿನ ಕೆಳಗೆ ತಲೆಕೆಳಗಾಗಿ ಮಲಗಿದ ಮೇಲೆ ಕಾರಣ ಸಿಕ್ಕಿತು. ಬ್ರೇಕ್ ಪೆಡಲಿನ ಮೇಲಿರುವ ಸ್ವಿಚ್ಚಿನಲ್ಲಿ ಎರಡು ಜೊತೆ ಸಂಪರ್ಕಗಳಿರಬೇಕು. ಬ್ರೇಕ್ ಒತ್ತಿದಾಗ ಒಂದು ಕೂಡಿ ಹಿಂದಿನ ದೀಪ ಹೊತ್ತಬೇಕು, ಇನ್ನೊಂದು ಅದೇ ಗಳಿಗೆಯಲ್ಲಿ ಕಡಿಯಬೇಕು. ಎರಡೂ ಸುದ್ದಿಗಳು ತಾಳೆಯಾದರೆ ಮಾತ್ರ ಇಸಿಯು ಕ್ರೂಸ್‌ಗೆ ಒಪ್ಪುತ್ತದೆ. ಒಂದು ಕೆಟ್ಟರೂ ಇನ್ನೊಂದು ಚಾಲಕನನ್ನು ಕಾಪಾಡಲಿ ಎಂಬ ವಿವೇಕ ಅದು, ನನ್ನ ತಕರಾರಿಲ್ಲ. ತಕರಾರಿರುವುದು ಇಲ್ಲಿ: ನನ್ನ ಕಾರಿನ ಸ್ವಿಚ್ಚಿನಲ್ಲಿ ನಾಲ್ಕರ ಬದಲು ಎರಡೇ ಪಿನ್. ಅಲ್ಲಿಯೂ ಉಳಿಸಿದ್ದಾರೆ! ಗುಂಡಿಯಲ್ಲಿ ಉಳಿಸಿದರು, ಡಬ್ಬಿಯಲ್ಲಿ ಉಳಿಸಿದರು, ಕಾಲ ಕೆಳಗಿನ ಸ್ವಿಚ್ಚಿನಲ್ಲೂ ಎರಡು ಪಿನ್ ಉಳಿಸಿದರು. ಆ ಉಳಿತಾಯವನ್ನೆಲ್ಲ ಒಟ್ಟು ಸೇರಿಸಿದರೆ ನನ್ನ ಒಂದು ರಜೆಯ ದಿನದ ಬೆಲೆ ಆಗುವುದಿಲ್ಲ.

ನಾಲ್ಕು ಪಿನ್ನಿನ ಸ್ವಿಚ್ ಬೇಕೆಂದು ನಿನ್ನೆ ರಾತ್ರಿ ಒಂದು ಬಿಡಿಭಾಗಗಳ ಮಳಿಗೆಗೆ ಸಂದೇಶ ಕಳುಹಿಸಿದೆ. ಚಿತ್ರ ಹಾಕಿದೆ, ಅಳತೆ ಹಾಕಿದೆ, ಹಳೆಯ ಸ್ವಿಚ್ಚಿನ ಮೇಲಿದ್ದ ಸಂಖ್ಯೆಯನ್ನೂ ಬರೆದೆ. ಬೆಳಗ್ಗೆ ಉತ್ತರ ಬಂದಿದೆ: "ನಮಸ್ಕಾರ ಸರ್. ದಯವಿಟ್ಟು ನಿಮ್ಮ ಕಾರಿನ 17 ಅಕ್ಷರಗಳ ಚಾಸಿ ಸಂಖ್ಯೆ ಕಳುಹಿಸಿ."