ಯಾರಿಗೂ ತಾಗದ ಚಾಟಿ

ನಮ್ಮ ಮಂಗಳೂರಿಗೂ ಲೇಟ್ ನೈಟ್ ಶೋ ಬಂತು ಮಾರಾಯ್ರೆ. ರಾತ್ರಿ ಹತ್ತಕ್ಕೆ ಹಂಪನಕಟ್ಟೆಯಲ್ಲಿ ಸಿಟಿ ಬಸ್ಸಿಗೆ ಕಾದು ನಿಂತರೆ ರಿಕ್ಷಾದವರು ಕನಿಕರದಿಂದ ನೋಡುವ ಊರು ಇದು. ಇಲ್ಲಿ ಹನ್ನೊಂದು ಗಂಟೆಗೆ ಒಂದು ಲೋಕಲ್ ಚಾನೆಲ್ಲಿನ ಹೊಸ ನಿರೂಪಕರು ಕೋಟು ತೊಟ್ಟು, ಟೈ ಬಿಗಿದು, ಮೆಟ್ಟಿಲಿಳಿದು ಬಂದರು. ಬೆನ್ನ ಹಿಂದೆ ನ್ಯೂಯಾರ್ಕಿನ ಕಟ್ಟಡಗಳ ಚಿತ್ರ. ಎದುರಿಗೆ ಮೇಜು, ಅದರ ಮೇಲೊಂದು ಮಗ್ಗು. ಮಗ್ಗು ಖಾಲಿ ಎಂಬುದು ಅದನ್ನು ಎತ್ತಿದ ವೇಗದಲ್ಲೇ ಗೊತ್ತಾಯಿತು. ಆ ಸೆಟ್ಟಿನಲ್ಲಿ ಮಂಗಳೂರಿನದ್ದು ಅಂತ ಇದ್ದದ್ದು ಕೋಟಿನೊಳಗಿನ ಬೆವರು ಮಾತ್ರ.

ಈ ಮೇಜು, ಸೋಫಾ, ನಿಂತು ಹೇಳುವ ಜೋಕು, ಪಕ್ಕದ ಬ್ಯಾಂಡು ಎಲ್ಲ ಅಮೆರಿಕದ ಕಟ್ಟಳೆ. 1954ರಲ್ಲಿ ಸ್ಟೀವ್ ಆಲೆನ್ ಶುರು ಮಾಡಿದ ‘ಟುನೈಟ್’ ಶೋವನ್ನು ಜಾನಿ ಕಾರ್ಸನ್ 1962ರಿಂದ ಮೂವತ್ತು ವರ್ಷ ನಡೆಸಿದರು. ಹಗಲು ಅಧಿಕಾರದಲ್ಲಿದ್ದವರು ಮಾಡಿದ್ದನ್ನು ರಾತ್ರಿ ಆಡಿಕೊಳ್ಳುವುದು ಅಲ್ಲಿನ ಕಸುಬು. ಅದಕ್ಕೆ ದಂಡ ತೆರುವುದೂ ಉಂಟು: 2025ರ ಸೆಪ್ಟೆಂಬರಿನಲ್ಲಿ ಜಿಮ್ಮಿ ಕಿಮ್ಮೆಲ್ ಅವರ ಶೋವನ್ನು ಅವರ ಚಾನೆಲ್ಲೇ ಕೆಲವು ದಿನ ನಿಲ್ಲಿಸಿತ್ತು. ನಮ್ಮವರು ಮೇಜು ತಂದರು, ಸೋಫಾ ತಂದರು, ಬ್ಯಾಂಡೂ ತಂದರು. ಆಡಿಕೊಳ್ಳುವುದನ್ನು ಮಾತ್ರ ಅಲ್ಲೇ ಬಿಟ್ಟು ಬಂದರು. ಲಗೇಜು ಜಾಸ್ತಿಯಾಯಿತೋ ಏನೋ.

ಮೊದಲ ಕಾಲು ಗಂಟೆ ಕೃತಜ್ಞತೆಗೆ ಹೋಯಿತು. ಸಂಸದರಿಗೆ, ಶಾಸಕರಿಗೆ, ಮಾಜಿಗಳಿಗೆ, ಮುಂದೆ ಆಗಲಿಕ್ಕಿರುವವರಿಗೆ, ಚಿನ್ನದ ಅಂಗಡಿಯವರಿಗೆ, ಫ್ಲ್ಯಾಟು ಕಟ್ಟುವವರಿಗೆ. ಆಮೇಲೆ ಜೋಕು. "ಒಂದು ಊರಿನ ಒಂದು ರಸ್ತೆಯಲ್ಲಿ ಒಂದು ಹೊಂಡ ಉಂಟಂತೆ" ಎಂದು ಶುರು ಮಾಡಿದವರು ತಕ್ಷಣ ಕೈಮುಗಿದು, "ಇದು ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ" ಎಂದರು. ಹೊಂಡಕ್ಕೂ ಬೇಜಾರಾಗಬಾರದಲ್ಲ! ಬಸ್ಸಿನಲ್ಲಿ ತುಂಬಿಸಿ ತಂದ ಕಾಲೇಜು ಮಕ್ಕಳು, ಹಾಜರಿ ಸಿಗುತ್ತದೆಂಬ ನಂಬಿಕೆಯಿಂದ, ನಕ್ಕರು.

ಪಂಪ್‌ವೆಲ್ ಹೆಸರು ಒಮ್ಮೆಯೂ ಬರಲಿಲ್ಲ. 2010ರಲ್ಲಿ ಶುರುವಾದ ಆ ಫ್ಲೈಓವರ್ ಉದ್ಘಾಟನೆಯಾದದ್ದು 2020ರ ಜನವರಿ 31ಕ್ಕೆ. ಆ ಹತ್ತು ವರ್ಷ ಈ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಸಂಬಳವಿಲ್ಲದ, ಕೋಟಿಲ್ಲದ ಲೇಟ್ ನೈಟ್ ಶೋ ದಿನಾ ನಡೆದಿತ್ತು. ಅದರ ಒಂದು ಹಳೇ ಜೋಕನ್ನು ಕದ್ದಿದ್ದರೂ ಸಾಕಿತ್ತು.

ಅತಿಥಿಯಾಗಿ ಒಬ್ಬರು ಜನನಾಯಕರು. ಅವರಿಗೆ ಮೊದಲ ಪ್ರಶ್ನೆ: ನೀರ್ ದೋಸೆ ಇಷ್ಟವೋ, ಕೋರಿ ರೊಟ್ಟಿಯೋ? "ಎರಡೂ ನನ್ನ ಕ್ಷೇತ್ರದ್ದೇ" ಎಂದರು ಅವರು. ಇಡೀ ರಾತ್ರಿಯ ಒಳ್ಳೆಯ ಜೋಕು ಅದೇ, ಹೇಳಿದವರಿಗೆ ಗೊತ್ತಿರಲಿಲ್ಲ. ಒಮ್ಮೆ ನಿರೂಪಕರಿಗೆ ಧೈರ್ಯ ಬಂದು, "ಸಾರ್, ಈ ಸ್ಮಾರ್ಟ್ ಸಿಟಿ..." ಎಂದರು. ಅಷ್ಟರಲ್ಲಿ ಜಾಹೀರಾತು. ಮರಳಿ ಬಂದವರು ವಾಕ್ಯ ಮುಗಿಸಿದರು: "ನಿಮ್ಮ ಸ್ಮಾರ್ಟ್ ಫೋನ್ ಯಾವುದು ಸಾರ್?"

ರಾತ್ರಿ ಕೂತು ಮಾತಾಡುವುದು ಈ ಕರಾವಳಿಗೆ ಅಮೆರಿಕದಿಂದ ಬರಬೇಕಾಗಿರಲಿಲ್ಲ. ಯಕ್ಷಗಾನದ ತಾಳಮದ್ದಳೆ ಅಂದರೆ ಅದೇ ಅಲ್ಲವೋ? ವೇಷವಿಲ್ಲ, ಕುಣಿತವಿಲ್ಲ. ಭಾಗವತರು, ಚೆಂಡೆ, ಮದ್ದಳೆ ಪಕ್ಕದಲ್ಲಿ. ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಎದುರುಬದುರು ಕೂತು, ಬರೆದ ಚೀಟಿಯಿಲ್ಲದೆ, ಆ ಕ್ಷಣಕ್ಕೆ ಹೊಳೆದದ್ದನ್ನು ಆಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ಇವತ್ತಿಗೂ ಆ ಸುದ್ದಿ ಬಂದರೆ ಊಟ ಮರೆಯುತ್ತಾರೆ. ಬಾಣ ನೆಟ್ಟು ಬಿದ್ದವನು ಸಾಕ್ಷಾತ್ ಶ್ರೀರಾಮನನ್ನೇ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ನ್ಯಾಯ ಎಂದು ಜಾಲಾಡುತ್ತಾನೆ. ಕೇಳುವವರು ರಾಮಭಕ್ತರೇ. ಯಾರೂ ಎದ್ದು ಹೋಗಿ ದೂರು ಕೊಡುವುದಿಲ್ಲ. ಮರುದಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ವಾಲಿಯ ಪರ ವಾದಿಸುತ್ತಾರೆ. ದೇವರಿಗೇ ಪಾಟೀಸವಾಲು ಹಾಕುವ ಊರಿನ ನಿರೂಪಕರಿಗೆ ಕಾರ್ಪೊರೇಟರನ್ನು ಚರಂಡಿ ಬಗ್ಗೆ ಕೇಳಲು ಬಾಯಿ ಬರುವುದಿಲ್ಲ ಅಂದರೆ ಎಂತ ಹೇಳುವುದು!

ಬ್ಯಾಂಡಿನವರು ಚೆನ್ನಾಗಿ ಬಾರಿಸಿದರು. ಅದನ್ನು ಒಪ್ಪಬೇಕು.

ಮುಂದಿನ ವಾರ ಪ್ರಾಯೋಜಕರಾದ, ಫ್ಲ್ಯಾಟು ಕಟ್ಟುವ ಕಂಪನಿಯ ಮಾಲೀಕರೇ ಅತಿಥಿಯಂತೆ. ವೀಕ್ಷಕರು ಪ್ರಶ್ನೆ ಕಳುಹಿಸಬಹುದು, ಅತಿಥಿಗಳು ತಮಗೆ ಬೇಕಾದ್ದನ್ನು ಆರಿಸಿ ಕೊಡುತ್ತಾರಂತೆ. ಮಳೆಗಾಲದಲ್ಲಿ ನೆಲಮಾಳಿಗೆಯ ಪಾರ್ಕಿಂಗಿಗೆ ನುಗ್ಗುವ ನೀರಿನ ಬಗ್ಗೆ ಕೇಳೋಣ ಅಂತಿದ್ದೆ. ಕಡೆಗೆ, ನೀರ್ ದೋಸೆಗೆ ಚಟ್ನಿ ಒಳ್ಳೆಯದೋ ಕಾಯಿ-ಬೆಲ್ಲವೋ ಎಂದು ಬರೆದು ಕಳುಹಿಸಿದ್ದೇನೆ. ಆಯ್ಕೆಯಾಗುವ ಭರವಸೆ ಉಂಟು.