ಸತ್ಯಾಂಶ: ಹೆವಿವೇಟ್ ಎಂಎಂಎಗೆ ತೂಕದ ಮಿತಿ ಇಲ್ಲವೇ?

ಮಂಗಳೂರಿನ ಜಿಮ್ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎಂಎಂಎ (ಹೊಡೆತ, ಕುಸ್ತಿ ಎರಡೂ ಸೇರಿದ ಮಿಶ್ರ ಸಮರಕಲೆ) ಬಗ್ಗೆ ಒಂದು ಸಂದೇಶ ಓಡಾಡುತ್ತಿದೆ: "ಹೆವಿವೇಟ್ ಎಂಎಂಎಗೆ ತೂಕದ ಮಿತಿಯೇ ಇಲ್ಲ. ಮೈ ಬೆಳೆಸಿದಷ್ಟೂ ಗೆಲುವು." ಎರಡೂ ತಪ್ಪು.

ಯುಎಫ್‌ಸಿಯಲ್ಲಿ (ಎಂಎಂಎ ಪಂದ್ಯ ನಡೆಸುವ ದೊಡ್ಡ ಅಮೆರಿಕನ್ ಸಂಸ್ಥೆ) ಹೆವಿವೇಟ್ ಎಂದರೆ 205 ಪೌಂಡ್ ಮೀರಿ 265 ಪೌಂಡ್‌ವರೆಗೆ, ಅಂದರೆ ಸುಮಾರು 93ರಿಂದ 120 ಕೆಜಿ. ಪ್ರಶಸ್ತಿ ಪಂದ್ಯವಲ್ಲದಿದ್ದರೆ ಒಂದು ಪೌಂಡ್ ರಿಯಾಯಿತಿ, ಅಷ್ಟೇ. ತೂಕ ನೋಡುವುದು ಪಂದ್ಯದ ಹಿಂದಿನ ದಿನ. ಆದ್ದರಿಂದ 125 ಕೆಜಿಯವರೂ ಉಪ್ಪು, ನೀರು ಕಡಿಮೆ ಮಾಡಿ, ಬೆವರು ಹರಿಸಿ ಇಳಿಯಬೇಕು. ಕೊನೆಯ ಹೊತ್ತಿಗೆ ಹೀಗೆ ಒಣಗಿಸಿಕೊಂಡರೆ ಮರುದಿನ ಉಸಿರೂ ಕೈಕೊಡುತ್ತದೆ, ಕಾಲೂ ಕೈಕೊಡುತ್ತದೆ. ಮಿತಿಯಿಲ್ಲದ ಕಾಲ ಇದ್ದದ್ದು ನಿಜ, 1993ರ ಮೊದಲ ಯುಎಫ್‌ಸಿಯಲ್ಲಿ ತೂಕದ ವರ್ಗಗಳೇ ಇರಲಿಲ್ಲ.

ಗೆಲುವಿನ ಮಾತಿಗೆ 2018ರ ಜನವರಿಯ ಪ್ರಶಸ್ತಿ ಪಂದ್ಯ ನೋಡಿ. ಫ್ರಾನ್ಸಿಸ್ ಎನ್ಗಾನು 263 ಪೌಂಡ್, ಸ್ಟಿಪೆ ಮಿಯೊಸಿಚ್ 246. ಮೊದಲ ಸುತ್ತಿನಲ್ಲೇ ಭಾರೀ ಹೊಡೆತಗಳಿಗೆ ಶಕ್ತಿ ಸುರಿದ ಎನ್ಗಾನು ಬೇಗ ದಣಿದರು. ಎನ್ಗಾನು ಅವರನ್ನು ಮಿಯೊಸಿಚ್ ಮತ್ತೆ ಮತ್ತೆ ಕೆಳಗೆ ಕೆಡವಿ, ಮೇಲೆ ಭಾರ ಹಾಕಿ, ಐದು ನಿಮಿಷದ ಐದೂ ಸುತ್ತು ಮುಗಿಸಿ ಅಂಕಗಳಲ್ಲಿ ಗೆದ್ದರು. ತೂಕ ಹೆಚ್ಚಿದ್ದರೆ ಹೊಡೆತಕ್ಕೆ ಬಲ ಬರುತ್ತದೆ, ಸರಿ. ಆದರೆ ಆ ಸ್ನಾಯುಗಳಿಗೆ ಆಮ್ಲಜನಕ ಒದಗಿಸಬೇಕಾದದ್ದೂ ಅದೇ ಹೃದಯ. ಕೋರಿರೊಟ್ಟಿಯ ಎರಡನೇ ತಟ್ಟೆಯಿಂದ ಅದು ಬಲವಾಗುವುದಿಲ್ಲ.